ಪೈಪ್ ದೀಪ

ಈ ಲೇಖನವು ಹಳೆಯ ಲೋಹದ ಪೈಪುಗಳಿಂದ ರಚಿಸುವ ದೀಪದ ಬಗ್ಗೆ ಇದೆ. ಟ್ಯೂಬ್‌ಲೈಟ್ ಕುರಿತ ಮಾಹಿತಿಗೆ ಪ್ರತಿದೀಪ್ತಿ ದೀಪ ಎಂಬ ಲೇಖನವನ್ನು ನೋಡಿ.

ಪೈಪ್ ದೀಪವು ನೀರು, ಹಬೆ ಅಥವಾ ಅನಿಲವನ್ನು ಸಾಗಿಸಲು ತಯಾರಾದ ಲೋಹದ ಪೈಪುಗಳನ್ನೂ ಅವುಗಳ ಜೋಡಣಾ ಭಾಗಗಳನ್ನೂ ಚೌಕಟ್ಟಾಗಿ ಬಳಸಿ ನಿರ್ಮಿಸುವ ವಿದ್ಯುದ್ದೀಪವಾಗಿದೆ. ಇದರಲ್ಲಿ ಪೈಪು ಎರಡು ಕೆಲಸ ಮಾಡುತ್ತದೆ: ಬಲ್ಬನ್ನು ಎತ್ತಿ ಹಿಡಿಯುತ್ತದೆ ಮತ್ತು ವಿದ್ಯುತ್ ತಂತಿಯನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಎಲ್ಬೋ, ಟೀ, ನಿಪ್ಪಲ್, ಸಾಕೆಟ್, ವಾಲ್ವ್ ಮುಂತಾದ ಕೊಳಾಯಿ ಭಾಗಗಳು ಮುಚ್ಚುಮರೆಯಿಲ್ಲದೆ ಕಾಣುವುದು ಈ ದೀಪದ ಲಕ್ಷಣ. ಆದ್ದರಿಂದ ಇದನ್ನು ಔದ್ಯಮಿಕ ಶೈಲಿಯ ಅಲಂಕಾರದ ಒಂದು ಪ್ರಕಾರವೆಂದು ಪರಿಗಣಿಸಲಾಗುತ್ತದೆ.

ಇದೇ ಚೌಕಟ್ಟಿನಲ್ಲಿ ಜೀವಂತ ಗಿಡವೊಂದನ್ನು ಬೆಳೆಸುವ ರೂಪವೂ ಪ್ರಚಲಿತವಾಗಿದೆ. ಅಂತಹ ದೀಪದಲ್ಲಿ ಬಲ್ಬಿನ ಬೆಳಕು ಕೋಣೆಗೂ ಗಿಡಕ್ಕೂ ಒದಗುತ್ತದೆ. ಆದರೆ ವಿದ್ಯುತ್, ಲೋಹ ಮತ್ತು ನೀರು ಒಂದೇ ವಸ್ತುವಿನಲ್ಲಿ ಸೇರುವುದರಿಂದ ಇದರ ವಿನ್ಯಾಸವು ಸಾಮಾನ್ಯ ಮೇಜಿನ ದೀಪದ ವಿನ್ಯಾಸಕ್ಕಿಂತ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಪೈಪು ಹಿಂದೆ ಏನನ್ನು ಸಾಗಿಸುತ್ತಿತ್ತು, ಗಿಡ ಎಲ್ಲಿಂದ ಬಂತು, ನೀರು ಚೆಲ್ಲಿದರೆ ಎಲ್ಲಿಗೆ ಹರಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಕೆಲಸವನ್ನು ಆರಂಭಿಸಬೇಕಾಗುತ್ತದೆ.

ಇತಿಹಾಸ

ಪೈಪನ್ನು ದೀಪದ ಅಂಗವಾಗಿ ಬಳಸುವ ಕ್ರಮ ಅನಿಲ ದೀಪಗಳ ಕಾಲದಿಂದ ಬಂದಿದೆ. ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ಮರ್ಡಾಕ್ 1792ರಲ್ಲಿ ಇಂಗ್ಲೆಂಡಿನ ರೆಡ್ರತ್ ಊರಿನ ತನ್ನ ಮನೆಯನ್ನು ಕಲ್ಲಿದ್ದಲ ಅನಿಲದಿಂದ ಬೆಳಗಿಸಿದನು. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ರಸ್ತೆಯಲ್ಲಿ ಅನಿಲ ದೀಪಗಳು ಉರಿದವು. ಈ ದೀಪಗಳಲ್ಲಿ ಗೋಡೆಯಿಂದ ಹೊರಚಾಚಿದ ಪೈಪೇ ದೀಪದ ತೋಳಾಗಿತ್ತು. ಅದು ಜ್ವಾಲೆಗೆ ಅನಿಲವನ್ನು ಒದಗಿಸುವುದರ ಜೊತೆಗೆ ದೀಪದ ಭಾರವನ್ನೂ ಹೊರುತ್ತಿತ್ತು. ಆಸ್ಟ್ರಿಯಾದ ರಸಾಯನವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಮ್ಯಾಂಟಲ್‌ಗೆ ಪೇಟೆಂಟ್ ಪಡೆದ ನಂತರ ಅನಿಲ ದೀಪದ ಬೆಳಕು ಬಹುಪಾಲು ಹೆಚ್ಚಿತು. ವಿದ್ಯುತ್ ಬಂದಾಗ ಅನೇಕ ಕಟ್ಟಡಗಳಲ್ಲಿ ಹಳೆಯ ಅನಿಲ ಪೈಪುಗಳ ಒಳಗೇ ತಂತಿಯನ್ನು ಎಳೆದು, ಅದೇ ತೋಳುಗಳ ತುದಿಗೆ ಬಲ್ಬುಗಳನ್ನು ಕೂರಿಸಲಾಯಿತು. ಇಂದಿನ ಪೈಪ್ ದೀಪದ ರಚನಾಕ್ರಮ ಇದೇ ಆಗಿದೆ.

ಅಲಂಕಾರಿಕ ವಸ್ತುವಾಗಿ ಪೈಪ್ ದೀಪ ಜನಪ್ರಿಯವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ನಂತರ. 1960 ಮತ್ತು 1970ರ ದಶಕಗಳಲ್ಲಿ ನ್ಯೂಯಾರ್ಕಿನ ಸೋಹೋ ಭಾಗದಲ್ಲಿ ಮುಚ್ಚಿದ ಕಾರ್ಖಾನೆ ಮತ್ತು ಉಗ್ರಾಣಗಳಲ್ಲಿ ಕಲಾವಿದರು ವಾಸಿಸತೊಡಗಿದರು. ಅಲ್ಲಿನ ಬೆತ್ತಲೆ ಇಟ್ಟಿಗೆ, ಕಬ್ಬಿಣದ ತೊಲೆ ಮತ್ತು ಹೊರಗೆ ಕಾಣುವ ಪೈಪುಗಳು ಕ್ರಮೇಣ ಒಂದು ಅಲಂಕಾರ ಶೈಲಿಯಾಗಿ ಬೆಳೆದವು. 1987ರಲ್ಲಿ ಲೇಖಕ ಕೆ. ಡಬ್ಲ್ಯೂ. ಜೀಟರ್ ಬಳಕೆಗೆ ತಂದ ಸ್ಟೀಮ್‌ಪಂಕ್ ಎಂಬ ಪದವು ಹಬೆಯಂತ್ರದ ಯುಗವನ್ನು ಕಲ್ಪಿಸುವ ಸಾಹಿತ್ಯವನ್ನು ಸೂಚಿಸುತ್ತಿತ್ತು. ನಂತರ ಅದು ಗೇಜು, ವಾಲ್ವ್, ಹಿತ್ತಾಳೆಯ ಭಾಗಗಳನ್ನು ಬಳಸುವ ಕರಕುಶಲ ವಸ್ತುಗಳಿಗೂ ಅನ್ವಯವಾಯಿತು. ಶಾಖ ಕಡಿಮೆ ಇರುವ ಎಲ್‌ಇಡಿ ಬಲ್ಬುಗಳು ಸುಲಭವಾಗಿ ದೊರೆತ ಮೇಲೆ ಗಿಡವನ್ನು ಬಲ್ಬಿನ ಸಮೀಪದಲ್ಲಿ ಇಡುವುದು ಸಾಧ್ಯವಾಯಿತು.

ಮಲೆನಾಡಿನ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಕರ್ನಾಟಕದ ಜಲವಿದ್ಯುತ್ ಇತಿಹಾಸದೊಂದಿಗೆ ಬೆಸೆದುಕೊಂಡಿವೆ. ಜೋಗದ ವಿದ್ಯುದಾಗಾರ 1948ರಲ್ಲಿ ಕಾರ್ಯಾರಂಭ ಮಾಡಿತು. ಸಾಗರ ತಾಲ್ಲೂಕಿನಲ್ಲಿ ಶರಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ನಾಡಿಗೆ ವಿದ್ಯುತ್ ನೀಡಿದ ಈ ಭಾಗದಲ್ಲಿಯೇ ಗುಡ್ಡದ ನಡುವೆ ಚದುರಿದ ಒಂಟಿ ಮನೆಗಳಿಗೆ ತಂತಿ ತಲುಪುವುದು ತಡವಾಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಅನ್ವಯಿಸಬಹುದು. ವಿದ್ಯುತ್ ಇಲ್ಲದ ಮನೆಗಳಲ್ಲಿ ಸೀಮೆಎಣ್ಣೆಯ ಬುಡ್ಡಿ, ಲಾಟೀನು ಮತ್ತು ಗ್ಯಾಸ್‌ಲೈಟ್‌ಗಳ ಜೊತೆಗೆ ಗೋಬರ್ ಗ್ಯಾಸ್ ದೀಪವೂ ಬಳಕೆಯಲ್ಲಿತ್ತು.

ಗೋಬರ್ ಗ್ಯಾಸ್ ದೀಪವನ್ನು ಈ ಪ್ರದೇಶದ ಮೂಲ ಪೈಪ್ ದೀಪವೆಂದು ಹೇಳಬಹುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಪ್ರಚಾರಕ್ಕೆ ತಂದ ತೇಲುವ ಡ್ರಮ್ಮಿನ ಸ್ಥಾವರ ಮತ್ತು 1984ರಲ್ಲಿ ರೂಪುಗೊಂಡ ದೀನಬಂಧು ಮಾದರಿಯ ಸ್ಥಾವರಗಳಲ್ಲಿ ಸಗಣಿಯಿಂದ ಉತ್ಪತ್ತಿಯಾದ ಅನಿಲವು ಪೈಪಿನ ಮೂಲಕ ಅಡುಗೆಮನೆಗೆ ಬರುತ್ತದೆ. ಅದೇ ಪೈಪಿನ ಒಂದು ಕವಲನ್ನು ತೊಲೆಯ ಬಳಿಗೆ ಒಯ್ದು, ತುದಿಗೆ ಮ್ಯಾಂಟಲ್ ಕಟ್ಟಿ ದೀಪ ಹೊತ್ತಿಸುತ್ತಿದ್ದರು. ಸಾಗರಕ್ಕೆ ನೆರೆಯ ಉತ್ತರ ಕನ್ನಡದ ಸಿರಸಿ ತಾಲ್ಲೂಕು ಗೋಬರ್ ಗ್ಯಾಸ್ ಸ್ಥಾವರಗಳ ಯಶಸ್ವಿ ಪ್ರಸಾರಕ್ಕೆ ಉದಾಹರಣೆಯಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನಕ್ಕೆ ಒಳಪಟ್ಟಿದೆ. ಜಾನುವಾರು ಸಾಕಿದ ಅಡಿಕೆ ತೋಟದ ಮನೆಗಳೇ ಇದರ ಮುಖ್ಯ ಬಳಕೆದಾರರಾಗಿದ್ದವು.

ವಿದ್ಯುತ್ ತಲುಪಿದ ಮೇಲೆ ಮ್ಯಾಂಟಲ್ ದೀಪಗಳು ಮರೆಯಾದವು. ಪೈಪುಗಳು ಮಾತ್ರ ಅಟ್ಟ, ಕೊಟ್ಟಿಗೆ ಮತ್ತು ಗುಜರಿ ಅಂಗಡಿಗಳಲ್ಲಿ ಉಳಿದವು. ಅಡಿಕೆ ತೋಟಗಳಲ್ಲಿಯೂ ಪಂಪಿನ ಹಳೆಯ ಲೋಹದ ಪೈಪುಗಳ ಜಾಗವನ್ನು ಪ್ಲಾಸ್ಟಿಕ್ ಪೈಪುಗಳು ಆಕ್ರಮಿಸಿದ್ದರಿಂದ ಕಬ್ಬಿಣದ ಪೈಪು, ಗೇಟ್‌ವಾಲ್ವ್ ಮತ್ತು ಫುಟ್‌ವಾಲ್ವ್‌ಗಳು ಮೂಲೆ ಸೇರಿದವು. ಮರುಬಳಕೆಯ ಪೈಪ್ ದೀಪಕ್ಕೆ ಇವೇ ಕಚ್ಚಾವಸ್ತುಗಳು.

ಪೈಪಿನ ಆಯ್ಕೆ

ಸತುವಿನ ಲೇಪವಿರುವ ಉಕ್ಕಿನ ಪೈಪನ್ನು ಬಳಕೆಯಲ್ಲಿ ಜಿ.ಐ. ಪೈಪು ಎನ್ನುತ್ತಾರೆ. ಭಾರತದಲ್ಲಿ ಇದರ ಅಳತೆಗಳನ್ನು ಐ.ಎಸ್. 1239 ಎಂಬ ಮಾನಕವು ನಿರ್ಧರಿಸುತ್ತದೆ. ಗೋಡೆಯ ದಪ್ಪಕ್ಕೆ ಅನುಸಾರವಾಗಿ ಪೈಪುಗಳು ಹಗುರ, ಮಧ್ಯಮ ಮತ್ತು ಭಾರಿ ಎಂದು ಮೂರು ದರ್ಜೆಯಲ್ಲಿ ಬರುತ್ತವೆ. ಇವುಗಳನ್ನು ಗುರುತಿಸಲು ಕ್ರಮವಾಗಿ ಹಳದಿ, ನೀಲಿ ಮತ್ತು ಕೆಂಪು ಪಟ್ಟಿಗಳನ್ನು ಬಳಿದಿರುತ್ತಾರೆ. ಮೇಜಿನ ದೀಪಕ್ಕೆ ಸಾಮಾನ್ಯವಾಗಿ ಅರ್ಧ ಇಂಚಿನ ಪೈಪು ಸಾಕಾಗುತ್ತದೆ. ಅದರ ಹೊರವ್ಯಾಸ ಅರ್ಧ ಇಂಚಲ್ಲ, 21.3 ಮಿ.ಮೀ. ಮಧ್ಯಮ ದರ್ಜೆಯಲ್ಲಿ ಒಂದು ಮೀಟರ್ ಪೈಪು ಸುಮಾರು 1.2 ಕೆ.ಜಿ. ತೂಗುತ್ತದೆ. ನೆಲದ ಮೇಲೆ ನಿಲ್ಲುವ ಎತ್ತರದ ದೀಪಕ್ಕೆ ಮುಕ್ಕಾಲು ಅಥವಾ ಒಂದು ಇಂಚಿನ ಪೈಪನ್ನು ಬಳಸುತ್ತಾರೆ.

ಕೊಳಾಯಿ ಭಾಗಗಳ ತಿರುಪಿನ ಸುತ್ತುಗಳು ಬ್ರಿಟಿಷ್ ಪೈಪ್ ಮಾನಕವನ್ನು ಅನುಸರಿಸುತ್ತವೆ. ಅರ್ಧ ಮತ್ತು ಮುಕ್ಕಾಲು ಇಂಚಿನ ಪೈಪುಗಳಲ್ಲಿ ಇಂಚಿಗೆ 14 ಸುತ್ತುಗಳೂ, ಒಂದು ಇಂಚಿನ ಪೈಪಿನಲ್ಲಿ 11 ಸುತ್ತುಗಳೂ ಇರುತ್ತವೆ. ಈ ಏಕರೂಪತೆಯಿಂದಾಗಿ ಹತ್ತಾರು ವರ್ಷ ಹಳೆಯ ಎಲ್ಬೋಗೆ ಇಂದು ಕೊಂಡ ನಿಪ್ಪಲ್ ಹೊಂದುತ್ತದೆ.

ಹಳೆಯ ಪೈಪುಗಳೆಲ್ಲವೂ ದೀಪಕ್ಕೆ ಯೋಗ್ಯವಲ್ಲ. ಅಡಿಕೆಯ ಕೊಳೆರೋಗ ನಿಯಂತ್ರಣಕ್ಕೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಮಲೆನಾಡಿನಲ್ಲಿ ಶತಮಾನದಷ್ಟು ಹಳೆಯ ಪದ್ಧತಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಕುರಿತು 1910ರಲ್ಲಿ ಅಧ್ಯಯನವನ್ನು ಪ್ರಕಟಿಸಿದ್ದರು. ಬೋರ್ಡೋ ದ್ರಾವಣ ಹರಿದ ಪೈಪು ಮತ್ತು ಪಂಪಿನ ಭಾಗಗಳಲ್ಲಿ ತಾಮ್ರದ ಅಂಶ ಉಳಿದಿರುತ್ತದೆ. ಅದು ಸತುವಿನ ಲೇಪವನ್ನು ಬೇಗ ಕೊರೆಯುವುದಲ್ಲದೆ ಗಿಡದ ಬೇರಿಗೂ, ವಿಶೇಷವಾಗಿ ಪಾಚಿಯಂತಹ ಸೂಕ್ಷ್ಮ ಸಸ್ಯಗಳಿಗೂ ಹಾನಿಕರ. ಕೀಟನಾಶಕ ಸಾಗಿಸಿದ ಪೈಪನ್ನು ಮನೆಯೊಳಗೆ ತರಬಾರದು. ಗೋಬರ್ ಗ್ಯಾಸ್ ಪೈಪುಗಳ ಒಳಮೈಯನ್ನು ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ತಿಂದಿರುವ ಸಾಧ್ಯತೆಯಿದೆ. ಆದ್ದರಿಂದ ಪೈಪಿನ ಗೋಡೆ ತೆಳುವಾಗಿದೆಯೇ ಎಂದು ಪರೀಕ್ಷಿಸಬೇಕು. ಬಳಕೆಯಲ್ಲಿರುವ ಸ್ಥಾವರದ ಪೈಪನ್ನು ಅನಿಲ ಪೂರ್ತಿ ಖಾಲಿಯಾಗದೆ ಕತ್ತರಿಸಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಿ ಧೂಳೆಬ್ಬಿಸಬಾರದು. ಬೂದುಬಣ್ಣದ ಕಲ್ನಾರಿನ ಸಿಮೆಂಟ್ ಪೈಪುಗಳನ್ನು ಕತ್ತರಿಸಲೇಬಾರದು. ಅವುಗಳ ಧೂಳು ಶ್ವಾಸಕೋಶದ ಗಂಭೀರ ಕಾಯಿಲೆಗೆ ಕಾರಣವಾಗುತ್ತದೆ.

ಶುಚಿಗೊಳಿಸುವಿಕೆ ಮತ್ತು ಜೋಡಣೆ

ಆಯ್ದ ಪೈಪನ್ನು ಮೊದಲು ಸಾಬೂನು ನೀರಿನಿಂದ ತೊಳೆದು, ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನು ತೆಗೆಯಲಾಗುತ್ತದೆ. ಲೇಪವಿಲ್ಲದ ಕಬ್ಬಿಣಕ್ಕೆ ವಿನಿಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣವನ್ನು ಬಳಸಬಹುದು. ಜಿ.ಐ. ಪೈಪಿಗೆ ಇದು ಸಲ್ಲದು, ಏಕೆಂದರೆ ಆಮ್ಲವು ತುಕ್ಕಿಗಿಂತ ಮೊದಲು ಸತುವನ್ನೇ ಕರಗಿಸುತ್ತದೆ. ಹಿತ್ತಾಳೆಯ ಭಾಗಗಳನ್ನು ಮನೆಯ ದೀಪಗಳಂತೆ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಬಹುದು. ಶುಚಿಯಾದ ಕಬ್ಬಿಣಕ್ಕೆ ತೆಳುವಾದ ಎಣ್ಣೆ, ಮೇಣ ಅಥವಾ ಪಾರದರ್ಶಕ ವಾರ್ನಿಷ್ ಹಚ್ಚದಿದ್ದರೆ ಮಲೆನಾಡಿನ ಮಳೆಗಾಲದ ತೇವದಲ್ಲಿ ಕೆಲವೇ ದಿನಗಳಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ.

ಪೈಪನ್ನು ಹ್ಯಾಕ್ಸಾ ಅಥವಾ ಪೈಪ್ ಕಟ್ಟರಿನಿಂದ ಕತ್ತರಿಸಿ, ತುದಿಗೆ ಡೈ ಬಳಸಿ ತಿರುಪಿನ ಸುತ್ತು ಕೊರೆಯುತ್ತಾರೆ. ಕತ್ತರಿಸಿದಾಗ ಒಳ ಅಂಚು ಬ್ಲೇಡಿನಂತೆ ಹರಿತವಾಗುತ್ತದೆ. ಅದನ್ನು ಅರದಿಂದ ನುಣುಪು ಮಾಡದೆ ತಂತಿ ಎಳೆದರೆ ಅದರ ಪ್ಲಾಸ್ಟಿಕ್ ಹೊದಿಕೆ ಸೀಳುತ್ತದೆ. ಜಿ.ಐ. ಪೈಪನ್ನು ಬೆಸೆಯುವುದನ್ನು ತಪ್ಪಿಸುವುದು ಲೇಸು. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ 907 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಸುಗೆಯ ಶಾಖ ಇದಕ್ಕಿಂತ ಬಹಳ ಹೆಚ್ಚು. ಆಗ ಏಳುವ ಸತುವಿನ ಹೊಗೆಯನ್ನು ಉಸಿರಾಡಿದರೆ ಚಳಿಜ್ವರದಂತಹ ಬಾಧೆ ಕಾಣಿಸಿಕೊಳ್ಳುತ್ತದೆ. ತಿರುಪಿನ ಜೋಡಣೆಯಿದ್ದರೆ ಬೆಸುಗೆಯ ಅಗತ್ಯವೇ ಬೀಳುವುದಿಲ್ಲ. ಮುಂದೆ ದೀಪವನ್ನು ಬಿಚ್ಚಿ ದುರಸ್ತಿ ಮಾಡುವುದೂ ಸುಲಭವಾಗುತ್ತದೆ.

ನೀರಿನ ಕೊಳಾಯಿಯ ಕೆಲಸದಲ್ಲಿ ಸೋರಿಕೆ ತಡೆಯಲು ತಿರುಪಿಗೆ ಸಣಬು ಅಥವಾ ಟೆಫ್ಲಾನ್ ಟೇಪು ಸುತ್ತುವುದು ವಾಡಿಕೆ. ದೀಪದಲ್ಲಿ ಈ ವಾಡಿಕೆಯನ್ನು ಬಿಡಬೇಕು. ಟೇಪು ಮತ್ತು ಬಣ್ಣಗಳು ಎರಡು ಲೋಹದ ಭಾಗಗಳ ನಡುವೆ ವಿದ್ಯುತ್ ಸಂಪರ್ಕವನ್ನು ತಡೆಯುತ್ತವೆ. ಆಗ ಬುಡಕ್ಕೆ ಅರ್ಥಿಂಗ್ ಕೊಟ್ಟಿದ್ದರೂ ಮೇಲಿನ ತೋಳಿಗೆ ಅದರ ರಕ್ಷಣೆ ದೊರೆಯದೆ ಹೋಗಬಹುದು.

ದೀಪದ ಬುಡಕ್ಕೆ ಫ್ಲ್ಯಾಂಜನ್ನು ಹಲಸಿನಂತಹ ಗಟ್ಟಿ ಮರದ ಹಲಗೆಗೆ ಅಥವಾ ಕಲ್ಲಿಗೆ ಬಿಗಿಯುತ್ತಾರೆ. ಗಿಡದ ಕುಂಡ ನೀರು ಕುಡಿದಾಗ ಭಾರವಾಗುತ್ತದೆ. ಆದ್ದರಿಂದ ಸ್ಥಿರತೆಯ ಪರೀಕ್ಷೆಯನ್ನು ತೋಯ್ದ ಮಣ್ಣಿನೊಂದಿಗೇ ಮಾಡಬೇಕು. ಮೇಜಿನ ದೀಪವು 6 ಡಿಗ್ರಿ ಓರೆಯಾದ ಹಲಗೆಯ ಮೇಲೆ, ಅಂದರೆ ಒಂದು ಮೀಟರಿಗೆ ಸುಮಾರು ಹತ್ತು ಸೆಂಟಿಮೀಟರ್ ಏರುವ ಇಳಿಜಾರಿನ ಮೇಲೆ, ಯಾವ ದಿಕ್ಕಿಗೆ ತಿರುಗಿಸಿಟ್ಟರೂ ಉರುಳಬಾರದು.

ವಿದ್ಯುತ್ ಸುರಕ್ಷತೆ

ಭಾರತದ ಮನೆಗಳಲ್ಲಿ ಪೂರೈಕೆಯಾಗುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಪೈಪ್ ದೀಪದ ಹೊರಮೈಯೆಲ್ಲ ಲೋಹವಾದ್ದರಿಂದ ಒಳಗಿನ ಫೇಸ್ ತಂತಿಯ ಹೊದಿಕೆ ಒಂದು ಕಡೆ ಸೀಳಿದರೂ ಇಡೀ ದೀಪಕ್ಕೆ ವಿದ್ಯುತ್ ಹರಿಯುತ್ತದೆ. ಒದ್ದೆ ಕೈಯಿಂದ ಗಿಡಕ್ಕೆ ನೀರು ಹಾಕುವವರು ಅದನ್ನು ಮುಟ್ಟಿದರೆ ಪ್ರಾಣಾಪಾಯ ಸಂಭವಿಸಬಹುದು. ಇದಕ್ಕೆ ಎರಡು ಪರಿಹಾರಗಳಿವೆ.

ಮೊದಲನೆಯದು ಕಡಿಮೆ ವೋಲ್ಟೇಜಿನ ವ್ಯವಸ್ಥೆ. ಗೋಡೆಯ ಬಳಿಯೇ ಉತ್ತಮ ಗುಣಮಟ್ಟದ 12 ವೋಲ್ಟಿನ ಅಡಾಪ್ಟರ್ ಅಳವಡಿಸಿದರೆ ದೀಪದೊಳಗೆ 12 ವೋಲ್ಟ್ ಮಾತ್ರ ಹರಿಯುತ್ತದೆ. ಗಿಡವಿರುವ ದೀಪಕ್ಕೂ ಹೊಸದಾಗಿ ಕಲಿಯುವವರಿಗೂ ಇದೇ ಸೂಕ್ತ. ಅಡಾಪ್ಟರನ್ನು ಕುಂಡದಿಂದ ದೂರದಲ್ಲಿ, ನೀರು ಸಿಡಿಯದ ಎತ್ತರದಲ್ಲಿ ಇಡಬೇಕು.

ಎರಡನೆಯದು 230 ವೋಲ್ಟನ್ನೇ ಬಳಸಿ ಸರಿಯಾದ ಅರ್ಥಿಂಗ್ ಕೊಡುವುದು. ಇದನ್ನು ಅರಿತ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. 0.75 ಚದರ ಮಿ.ಮೀ. ಅಡ್ಡಕೊಯ್ತದ ಮೂರು ಎಳೆಯ ತಂತಿಯನ್ನು ಬಳಸಿ, ಹಸಿರು-ಹಳದಿ ಎಳೆಯನ್ನು ಪೈಪಿನ ಲೋಹಕ್ಕೆ ತಿರುಪಿನಿಂದ ಬಿಗಿಯಲಾಗುತ್ತದೆ. ಕಂದು ಎಳೆ ಫೇಸ್, ನೀಲಿ ಎಳೆ ನ್ಯೂಟ್ರಲ್. ಸ್ವಿಚ್ಚು ಫೇಸ್ ತಂತಿಯಲ್ಲಿಯೇ ಇರಬೇಕು. ತಿರುಪಿನ ಬಲ್ಬ್ ಹೋಲ್ಡರ್ ಬಳಸಿದಾಗ ಫೇಸ್ ತಂತಿ ನಡುವಿನ ಬಿಂದುವಿಗೂ ನ್ಯೂಟ್ರಲ್ ತಂತಿ ಸುತ್ತಿನ ತಗಡಿಗೂ ಸೇರಬೇಕು. ಪೈಪಿನೊಳಗೆ ತಂತಿಯ ಗಂಟುಗಳಿರಬಾರದು. ತಂತಿ ಪೈಪನ್ನು ಪ್ರವೇಶಿಸುವಲ್ಲಿ ರಬ್ಬರ್ ಬುಶ್ ಇರಬೇಕು ಮತ್ತು ಹೊರಗಿನಿಂದ ಎಳೆದರೆ ಒಳಗಿನ ಜೋಡಣೆ ಕೀಳದಂತೆ ಬಿಗಿಹಿಡಿತವಿರಬೇಕು. ಮೂರು ಪಿನ್ನಿನ ಪ್ಲಗ್ ಕಡ್ಡಾಯ. ಎರಡು ಪಿನ್ನಿನ ಪ್ಲಗ್ಗಿಗೆ ಬದಲಾಯಿಸಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆಯೇ.

ಕೆಲಸ ಮುಗಿದ ಮೇಲೆ ಪ್ಲಗ್ಗಿನ ಅರ್ಥ್ ಪಿನ್ನಿನಿಂದ ದೀಪದ ಪ್ರತಿಯೊಂದು ಲೋಹದ ಭಾಗದವರೆಗಿನ ರೋಧವನ್ನು ಅಳೆಯಬೇಕು, ಅದು 0.5 ಓಮ್ ಮೀರಬಾರದು. ಮನೆಯ ವಿದ್ಯುತ್ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಸೋರಿಕೆಯಾದ ಕ್ಷಣದಲ್ಲಿಯೇ ಅದು ವಿದ್ಯುತ್ತನ್ನು ಕಡಿಯುತ್ತದೆ. ಗೇಟ್‌ವಾಲ್ವಿನ ಚಕ್ರವನ್ನು ಸ್ವಿಚ್ಚಾಗಿ ಪರಿವರ್ತಿಸುವುದು ಈ ಶೈಲಿಯಲ್ಲಿ ಜನಪ್ರಿಯ. ಆದರೆ ಚಕ್ರ ತಿರುಗಿದಾಗ ತಂತಿ ತಿರುಚದಂತೆ ಅದಕ್ಕೊಂದು ತಡೆ ಇರಲೇಬೇಕು. ದೀಪಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 10322 ಆಗಿದೆ. ಮಾರಾಟಕ್ಕಾಗಿ ತಯಾರಿಸುವವರು ಅದರ ನಿಯಮಗಳನ್ನು ತಿಳಿದಿರಬೇಕು.

ಗಿಡ ಮತ್ತು ಕುಂಡ

ಮಣ್ಣನ್ನು ನೇರವಾಗಿ ಜಿ.ಐ. ಪೈಪಿಗೆ ತುಂಬುವುದು ಸರಿಯಾದ ಕ್ರಮವಲ್ಲ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಆಮ್ಲೀಯ ಗುಣದ್ದಾಗಿದ್ದು, ಒದ್ದೆಯಾದಾಗ ಸತುವನ್ನು ಕರಗಿಸುತ್ತದೆ. ಅತಿಯಾದ ಸತುವಿನಿಂದ ಎಲೆ ಹಳದಿಯಾಗಿ ಬೇರು ಕುಗ್ಗುತ್ತದೆ. ಆದ್ದರಿಂದ ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪ್ರತ್ಯೇಕ ಕುಂಡವನ್ನು ಪೈಪಿನ ಬಳೆಯೊಳಗೆ ಕೂರಿಸಬೇಕು. ನೀರು ಹಾಕುವಾಗ ಕುಂಡವನ್ನು ಹೊರತೆಗೆದು, ನೀರು ಬಸಿದ ಮೇಲೆ ಮರಳಿ ಇಡುವಂತಿದ್ದರೆ ಉತ್ತಮ. ತಂತಿ ಹಾಯುವ ಪೈಪು ಮತ್ತು ಕುಂಡ ಹೊರುವ ಪೈಪು ಬೇರೆಬೇರೆಯಾಗಿರಬೇಕು. ಕುಂಡವು ಸ್ವಿಚ್ಚು ಮತ್ತು ಹೋಲ್ಡರಿಗಿಂತ ಕೆಳಗಿದ್ದರೆ ಚೆಲ್ಲಿದ ನೀರು ವಿದ್ಯುತ್ ಭಾಗಗಳನ್ನು ಮುಟ್ಟುವುದಿಲ್ಲ. ಹೊರಗಿನ ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋಲು ಬಿಟ್ಟು ಮೇಲಕ್ಕೆ ಒಯ್ದರೆ, ಅದರ ಗುಂಟ ಹರಿದ ಹನಿ ಪ್ಲಗ್ಗನ್ನು ಸೇರದೆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ.

ನೀರುಣಿಸಲು ಹತ್ತಿಯ ಬತ್ತಿಯನ್ನೂ ಬಳಸುತ್ತಾರೆ. ಬತ್ತಿಯ ಒಂದು ತುದಿ ಕೆಳಗಿನ ನೀರಿನ ಪಾತ್ರೆಯಲ್ಲಿಯೂ ಇನ್ನೊಂದು ತುದಿ ಮಣ್ಣಿನಲ್ಲಿಯೂ ಇರುತ್ತದೆ. ಹಣತೆಯಲ್ಲಿ ಎಣ್ಣೆಯನ್ನು ಮೇಲೆತ್ತುವ ಲೋಮನಾಳ ಕ್ರಿಯೆಯೇ ಇಲ್ಲಿ ನೀರನ್ನು ಬೇರಿಗೆ ತಲುಪಿಸುತ್ತದೆ. ಈ ಪಾತ್ರೆಗೆ ಬಿಗಿಯಾದ ಮುಚ್ಚಳವಿರಬೇಕು ಮತ್ತು ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಬದಲಿಸಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಮನೆಯೊಳಗಿನ ಇಂತಹ ಸ್ವಚ್ಛ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು.

ಬೆಳಕಿನ ಅಗತ್ಯ

ಸಸ್ಯಗಳು ದ್ಯುತಿಸಂಶ್ಲೇಷಣೆಗೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಬಳಸುತ್ತವೆ. ಬಿಳಿ ಎಲ್‌ಇಡಿ ಬಲ್ಬಿನ ಬೆಳಕು ಈ ವ್ಯಾಪ್ತಿಯಲ್ಲಿಯೇ ಬರುತ್ತದೆ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ. ಬಲ್ಬಿನಿಂದ 30 ಸೆಂ.ಮೀ. ದೂರದಲ್ಲಿರುವ ಎಲೆಗೆ ದೊರೆಯುವ ಬೆಳಕಿನ ಕಾಲುಭಾಗ ಮಾತ್ರ 60 ಸೆಂ.ಮೀ. ದೂರದ ಎಲೆಗೆ ದೊರೆಯುತ್ತದೆ. ಔದ್ಯಮಿಕ ಶೈಲಿಯಲ್ಲಿ ಮೆಚ್ಚುಗೆ ಪಡೆದ, ಎಳೆ ಕಾಣುವ ಮಂದ ಹೊಂಬಣ್ಣದ ಬಲ್ಬುಗಳು ನೋಡಲು ಚೆನ್ನಾಗಿದ್ದರೂ ಗಿಡವನ್ನು ಪೋಷಿಸಲು ಸಾಲವು. ಸುಮಾರು 900 ಲ್ಯೂಮೆನ್ ಬೆಳಕು ನೀಡುವ 9 ವಾಟಿನ ಬಿಳಿ ಬಲ್ಬನ್ನು ದಿನಕ್ಕೆ 12 ಗಂಟೆ ಉರಿಸಿದರೆ ನೆರಳನ್ನು ಸಹಿಸುವ ಗಿಡಗಳು ಬದುಕುತ್ತವೆ. ರಾತ್ರಿ ದೀಪವನ್ನು ಆರಿಸಬೇಕು. ಮಳೆಗಾಲದಲ್ಲಿ ಎರಡು ಮೂರು ದಿನ ವಿದ್ಯುತ್ ಹೋದರೂ ಇಂತಹ ಗಿಡಗಳಿಗೆ ತೊಂದರೆಯಾಗದು.

ಗಿಡಗಳ ಆಯ್ಕೆ

ಮನಿಪ್ಲಾಂಟ್, ಸ್ಪೈಡರ್ ಪ್ಲಾಂಟ್, ಸ್ನೇಕ್ ಪ್ಲಾಂಟ್ ಮತ್ತು ನರ್ಸರಿಯಲ್ಲಿ ಬೆಳೆಸಿದ ಜರಿಗಿಡಗಳು ಈ ದೀಪಗಳಿಗೆ ಹೊಂದುತ್ತವೆ. ಮನಿಪ್ಲಾಂಟ್ ಬಳ್ಳಿಯು ಪೈಪನ್ನು ಸುಲಭವಾಗಿ ಸುತ್ತುತ್ತದೆ. ಅದರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಮಕ್ಕಳು ಮತ್ತು ಸಾಕುಪ್ರಾಣಿಗಳು ಅದನ್ನು ಅಗಿಯದಂತೆ ನೋಡಿಕೊಳ್ಳಬೇಕು. ಅಡುಗೆಗೆ ಒದಗುವ ಗಿಡ ಬೇಕೆನ್ನುವವರು ತೇವವನ್ನು ಬಯಸುವ ಒಂದೆಲಗವನ್ನು ಕಿಟಕಿಯ ಬಳಿಯ ದೀಪದಲ್ಲಿ ಬೆಳೆಸಬಹುದು. ತಿನ್ನುವ ಗಿಡವನ್ನು ಹಳೆಯ ಲೋಹಕ್ಕೆ ತಾಗದ ಕುಂಡದಲ್ಲಿಯೇ ನೆಡಬೇಕು.

ಕಾಡಿನ ಗಿಡಗಳ ಪ್ರಶ್ನೆ

ಆಗುಂಬೆ, ಹುಲಿಕಲ್ ಮತ್ತು ಶರಾವತಿ ಕಣಿವೆಯ ಮರಗಳ ಮೇಲೆ ಪಾಚಿ, ಜರಿಗಿಡ ಮತ್ತು ಸೀತಾಳೆ ದಂಡೆಯಂತಹ ಆರ್ಕಿಡ್‌ಗಳು ಹೇರಳವಾಗಿ ಬೆಳೆಯುತ್ತವೆ. ಪೈಪಿನ ಕವಲಿಗೆ ಇವನ್ನು ಕಟ್ಟಿದರೆ ಮರದ ಕೊಂಬೆಯ ಸೊಬಗೇ ಬರುತ್ತದೆ ಎಂಬ ಕಾರಣಕ್ಕೆ ಕಾಡಿನಿಂದ ಕಿತ್ತು ತರುವ ಆಸೆ ಸಹಜ. ಆದರೆ ಸಂರಕ್ಷಿತ ಅರಣ್ಯದಿಂದ ಗಿಡಗಳನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ಶರಾವತಿ ಕಣಿವೆಯು 1972ರಿಂದ ವನ್ಯಜೀವಿ ಅಭಯಾರಣ್ಯವಾಗಿದೆ. ಆರ್ಕಿಡ್ ಕುಟುಂಬದ ಸಸ್ಯಗಳು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ವ್ಯಾಪ್ತಿಗೆ ಸೇರಿವೆ. ಮರದ ಮೇಲಿನ ಆರ್ಕಿಡ್ ತನ್ನ ಬೇರಿನಲ್ಲಿರುವ ಶಿಲೀಂಧ್ರ, ಗಾಳಿಯ ತೇವ ಮತ್ತು ಋತುಮಾನದ ಬೆಳಕನ್ನು ಅವಲಂಬಿಸಿರುತ್ತದೆ. ಮನೆಯೊಳಗಿನ ಒಣ ಗಾಳಿಯಲ್ಲಿ ಅದು ನಿಧಾನವಾಗಿ ಸಾಯುತ್ತದೆ.

ಆರೋಗ್ಯದ ದೃಷ್ಟಿಯಿಂದಲೂ ಇದು ಅಪಾಯಕರ. ಮಂಗನ ಕಾಯಿಲೆ ಎಂದು ಹೆಸರಾದ ಕ್ಯಾಸನೂರು ಕಾಡಿನ ಕಾಯಿಲೆಯನ್ನು 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಗುರುತಿಸಲಾಯಿತು. ಸೋಂಕಿತ ಉಣ್ಣೆಗಳು ಕಚ್ಚುವುದರಿಂದ ಹರಡುವ ಈ ಕಾಯಿಲೆ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡಿದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಹಲವರ ಪ್ರಾಣ ತೆಗೆದಿತ್ತು. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣ ಕಾಲದಲ್ಲಿ ಕಾಡಿನ ತರಗೆಲೆ, ಪಾಚಿ ಮತ್ತು ಪೊದೆಗಳನ್ನು ಕೆದಕಿದವರಿಗೆ ಉಣ್ಣೆ ಹತ್ತುವ ಸಂಭವ ಹೆಚ್ಚು. ಸ್ವಂತ ಹಿತ್ತಲಿನ ಹಂಚು, ಕಟ್ಟೆ ಮತ್ತು ಬಾವಿಯ ಗೋಡೆಯ ಪಾಚಿ, ನರ್ಸರಿಯ ಗಿಡ ಅಥವಾ ಪರಿಚಿತರು ಕೊಟ್ಟ ಬಳ್ಳಿಯ ತುಂಡು ಈ ಎಲ್ಲ ತೊಡಕುಗಳಿಂದ ಮುಕ್ತವಾಗಿವೆ.

ನಿರ್ವಹಣೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಇಂತಹ ಹವೆಯಲ್ಲಿ ಮನೆಯೊಳಗಿನ ಲೋಹವೂ ಬೆವರುತ್ತದೆ. ತಣ್ಣನೆಯ ಪೈಪಿನ ಒಳಮೈಯಲ್ಲಿ ನೀರಿನ ಹನಿಗಳು ಕಟ್ಟುವುದರಿಂದ ಪೈಪಿನ ಅತ್ಯಂತ ಕೆಳಗಿನ ಬಿಂದುವಿನಲ್ಲಿ ಒಂದು ಸಣ್ಣ ರಂಧ್ರವನ್ನು ಬಿಡುವುದು ಒಳ್ಳೆಯದು. ಗೋಬರ್ ಗ್ಯಾಸ್ ಪೈಪಿನ ತಗ್ಗಿನಲ್ಲಿಯೂ ಹೀಗೆ ಕಟ್ಟಿದ ನೀರನ್ನು ಹೊರಬಿಡುವ ವ್ಯವಸ್ಥೆ ಇರುತ್ತಿತ್ತು. ಮಳೆಗಾಲದ ಮೊದಲು ಮತ್ತು ನಂತರ ಒಮ್ಮೊಮ್ಮೆ ಪ್ಲಗ್ ಕಿತ್ತು, ಅರ್ಥಿಂಗ್ ತಿರುಪು ಸಡಿಲವಾಗಿದೆಯೇ, ತಂತಿಯ ಹೊದಿಕೆ ಬಿರುಕು ಬಿಟ್ಟಿದೆಯೇ, ಹೋಲ್ಡರಿನಲ್ಲಿ ತುಕ್ಕು ಅಥವಾ ಇರುವೆಗಳಿವೆಯೇ ಎಂದು ನೋಡಬೇಕು. ಗುಡುಗು ಸಿಡಿಲಿನ ಸಮಯದಲ್ಲಿ ಪ್ಲಗ್ಗನ್ನು ತೆಗೆದಿಡುವುದು ಕ್ಷೇಮ. ಗಿಡಕ್ಕೆ ನೀರು ಹಾಕುವಾಗಲೂ ಎಲೆ ಸವರುವಾಗಲೂ ಇದೇ ನಿಯಮ ಅನ್ವಯಿಸುತ್ತದೆ.

ಮಿತಿಗಳು

ಪೈಪ್ ದೀಪವನ್ನು ಪರಿಸರಸ್ನೇಹಿ ಎಂದು ಬಣ್ಣಿಸುವುದು ರೂಢಿಯಲ್ಲಿದೆ. ಬಳಸಿ ಬಿಟ್ಟ ಪೈಪನ್ನು ಕರಗಿಸದೆ ಹಾಗೆಯೇ ಉಪಯೋಗಿಸಿದಾಗ ಈ ಮಾತು ಒಪ್ಪುತ್ತದೆ. ಹೊಸ ಪೈಪುಗಳನ್ನು ಕೊಂಡು, ಅವುಗಳಿಗೆ ಕೃತಕವಾಗಿ ತುಕ್ಕು ಹಿಡಿಸಿ ತಯಾರಿಸಿದ ದೀಪಕ್ಕೆ ಇದು ಅನ್ವಯಿಸುವುದಿಲ್ಲ. ಉಕ್ಕನ್ನು ಗುಜರಿಯ ಮೂಲಕವೂ ಚೆನ್ನಾಗಿ ಮರುಬಳಕೆ ಮಾಡಬಹುದಾದ್ದರಿಂದ, ದೀಪವನ್ನು ಬಹುಕಾಲ ಬಳಸಿದಾಗ ಮಾತ್ರ ಈ ಶ್ರಮ ಸಾರ್ಥಕವಾಗುತ್ತದೆ. ತಿರುಪಿನಿಂದ ಜೋಡಿಸಿದ ದೀಪಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬಲ್ಬ್ ಕೆಟ್ಟರೆ ಬಲ್ಬನ್ನು, ತಂತಿ ಹಳತಾದರೆ ತಂತಿಯನ್ನು, ಗಿಡ ಒಣಗಿದರೆ ಕುಂಡವನ್ನು ಮಾತ್ರ ಬದಲಿಸಬಹುದು. ಎಲ್ಲವೂ ಬೇಡವಾದ ದಿನ ಅದೇ ಪೈಪನ್ನು ಬಿಚ್ಚಿ ಮತ್ತೊಂದು ಕೆಲಸಕ್ಕೆ ಬಳಸಬಹುದು.